ಒಳ್ಳೆ ಎಲೆ ಬಂದರೆ ಎಲ್ಲರೂ ಓಡ್ತಾರೆ, ಬ್ಲಫ್ ಮಾಡಿದರೆ ಎಲ್ಲರೂ ಕೂತಿರ್ತಾರೆ!

ಪ್ರಶ್ನೆ: ಏಳೆಂಟು ತಿಂಗಳಿಂದ ಗೆಳೆಯರ ಜೊತೆ ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆಡುತ್ತಿದ್ದೇನೆ. ದುಡ್ಡು ಕಟ್ಟುವುದಿಲ್ಲ, ಬರೀ ಚಿಪ್ಸ್. ಯಾವ ಕೈ ಯಾವುದಕ್ಕಿಂತ ದೊಡ್ಡದು ಅಂತ ಚೆನ್ನಾಗಿ ಗೊತ್ತು. ಆದರೆ ಬೆಟ್ ಎಷ್ಟು ಹಾಕಬೇಕು ಅನ್ನುವುದೇ ತಿಳಿಯುತ್ತಿಲ್ಲ. ಒಳ್ಳೆ ಎಲೆ ಬಂದಾಗ ಜೋರಾಗಿ ಹಾಕಿದರೆ ಎಲ್ಲರೂ ಫೋಲ್ಡ್, ಎಲೆ ಎಸೆದು ಹೊರಗೆ. ಏನೂ ಇಲ್ಲದಾಗ ಸ್ವಲ್ಪ ಹಾಕಿ ಬ್ಲಫ್ ಮಾಡಿದರೆ ಯಾರಾದರೂ ಒಬ್ಬರು ಅಷ್ಟೇ ಚಿಪ್ ಹಾಕಿ ಕಾಲ್ ಮಾಡೇ ಮಾಡುತ್ತಾರೆ. ಕಳೆದ ವಾರ ನನಗೆ ಎರಡು ಎಕ್ಕ ಬಂದವು, ಕಳಾವರ್ ಮತ್ತು ಡೈಮಂಡ್. ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಬ್ಲೈಂಡ್: ಸ್ಮಾಲ್ 5, ಬಿಗ್ 10. ಈ ಸಲ ಯಾರನ್ನೂ ಓಡಿಸಬಾರದು ಅಂತ ಬೆಟ್ಟನ್ನು 20ಕ್ಕೆ ಏರಿಸಿ ರೈಸ್ ಮಾಡಿದೆ. ನಾಲ್ಕು ಜನ ಬಂದರು, ಪಾಟ್ (ನಡುವಿನ ಚಿಪ್ ರಾಶಿ) 100 ಆಯಿತು. ಫ್ಲಾಪಿನಲ್ಲಿ, ಅಂದರೆ ಎಲ್ಲರಿಗೂ ಸೇರಿ ನೆಲದ ಮೇಲೆ ಬಿಚ್ಚುವ ಮೊದಲ ಮೂರು ಎಲೆಯಲ್ಲಿ, ಆಟೀನ್ ರಾಜ, ಆಟೀನ್ ಎಂಟು, ಇಸ್ಪೀಟ್ ಮೂರು. ನಾನು 10 ಹಾಕಿದೆ, ಇಬ್ಬರು ಉಳಿದರು. ನಾಲ್ಕನೇ ಎಲೆ, ಟರ್ನಿನಲ್ಲಿ, ಕಳಾವರ್ ಎರಡು. 20 ಹಾಕಿದೆ, ಒಬ್ಬ ಉಳಿದ. ಕೊನೆಯ ಎಲೆ, ರಿವರಿನಲ್ಲಿ, ಆಟೀನ್ ಐದು. ಬಿಗ್ ಬ್ಲೈಂಡಿನಲ್ಲಿದ್ದ ಅವನು ತಾನಾಗೇ 150 ಹಾಕಿದ. ಇಷ್ಟು ಹಾಕಿದ್ದೀನಲ್ಲ, ಈಗ ಬಿಟ್ಟರೆ ಹೇಗೆ ಅಂತ ಕಾಲ್ ಮಾಡಿದೆ. ಅವನ ಹತ್ತಿರ ಆಟೀನ್ ರಾಣಿ, ಆಟೀನ್ ಏಳು. ಒಂದೇ ಜಾತಿಯ ಐದು ಎಲೆ, ಫ್ಲಶ್! ಒಬ್ಬ ಗೆಳೆಯ "ಪೋಕರ್ ಅಂದರೆ ಬ್ಲಫ್, ಮುಖ ಓದೋದನ್ನ ಕಲಿ" ಅನ್ನುತ್ತಾನೆ. ಇನ್ನೊಬ್ಬ "ಸೋತಾಗೆಲ್ಲ ಮುಂದಿನ ಕೈಗೆ ಡಬಲ್ ಹಾಕು" ಅನ್ನುತ್ತಾನೆ. ಬೆಟ್ ಹಾಕಲು ಯಾವುದಾದರೂ ಸೂತ್ರ ಇದೆಯಾ? ಇನ್ನೊಂದು ವಿಷಯ, ಒಳ್ಳೆ ಎಲೆ ಬಂದಾಗ ನನ್ನ ಕೈ ನಡುಗುತ್ತೆ. ಅದಕ್ಕೇನು ಮಾಡಲಿ?

ಉತ್ತರ: ನೀವು ಎಲೆಯನ್ನೂ ಚಿಪ್ ಲೆಕ್ಕವನ್ನೂ ಇಷ್ಟು ನೆನಪಿಟ್ಟು ಬರೆದಿದ್ದೀರಿ, ಅದು ನನಗೆ ಖುಷಿ ಕೊಟ್ಟಿತು. ಹೊಸಬರಿಗೆ ಪೋಕರ್ ಹೇಳಿಕೊಡುತ್ತಾ ತುಂಬಾ ವರ್ಷಗಳಾದವು. ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ "ಎಕ್ಕ ಇತ್ತು ಸಾರ್, ಸೋತುಬಿಟ್ಟೆ" ಅನ್ನುತ್ತಾರೆ, ಅಷ್ಟೇ. ಯಾವ ಸುತ್ತಿನಲ್ಲಿ ಎಷ್ಟು ಹಾಕಿದಿರಿ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ನಿಮ್ಮ ಹತ್ತಿರ ಇದೆ. ಹಾಗಾಗಿ ನಿಮ್ಮ ಕೈಯನ್ನೇ ಬಿಚ್ಚಿ ನೋಡೋಣ.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ. ಎದ್ದು ನಿಮ್ಮ ಎದುರಿನ ಕುರ್ಚಿಯಲ್ಲಿ ಕೂತ ಹಾಗೆ ಅಂದುಕೊಳ್ಳಿ. ಅಲ್ಲಿಂದ ನಿಮ್ಮನ್ನೇ ನೋಡಿ. ಈ ಮನುಷ್ಯ ಜಾಸ್ತಿ ಹಾಕಿದರೆ ಕೈ ಗಟ್ಟಿ. ಕಡಿಮೆ ಹಾಕಿದರೆ ಕೈ ಟೊಳ್ಳು. ಏಳೆಂಟು ತಿಂಗಳಿಂದ ಇದೇ ನಡೆದಿದೆ. ನಿಮ್ಮ ಗೆಳೆಯರು ಇದನ್ನು ಯೋಚಿಸಿ ಕಂಡುಕೊಂಡಿರಲಿಕ್ಕಿಲ್ಲ, ಆಡಿ ಆಡಿ ಅವರಿಗೆ ರೂಢಿಯಾಗಿರುತ್ತೆ. ನಿಮ್ಮ ಚಿಪ್ ರಾಶಿ ದೊಡ್ಡದಾಗಿ ಮುಂದೆ ಬಂದರೆ ಎಲೆ ಎಸೆಯುವುದು, ಚಿಕ್ಕದಾಗಿ ಬಂದರೆ ಕೂತು ನೋಡುವುದು. ಅವರು ನಿಮ್ಮ ಮುಖ ಓದುತ್ತಿಲ್ಲ, ಚಿಪ್ ಓದುತ್ತಿದ್ದಾರೆ. ನೀವು ಎಲೆಯನ್ನು ಬೆನ್ನು ಮೇಲೆ ಮಾಡಿ ಇಟ್ಟುಕೊಂಡು, ಅದರಲ್ಲಿ ಏನಿದೆ ಅಂತ ಬೆಟ್ ಮೂಲಕ ಕೂಗಿ ಹೇಳುತ್ತಿದ್ದೀರಿ.

ಹಾಗಾಗಿ ನಿಮ್ಮ ಎರಡು ದೂರುಗಳೂ ಒಂದೇ ಕಾಯಿಲೆಯವು. ಬೆಟ್ ಅನ್ನುವುದು ನಿಮ್ಮ ಕೈ ಎಷ್ಟು ಚೆನ್ನಾಗಿದೆ ಅಂತ ಹೇಳುವ ಮಾತು ಅಂದುಕೊಂಡಿದ್ದೀರಿ. ಅದು ನೀವು ಎದುರಿನವನಿಗೆ ಹೇಳುವ ಬೆಲೆ. "ಮುಂದಿನ ಎಲೆ ನೋಡಬೇಕಾ? ಇಷ್ಟು ಕೊಡು." ಅಷ್ಟೇ. ಬೆಲೆ ಹೇಳುವಾಗ ನೋಡಬೇಕಾದ್ದು ಕೊಳ್ಳುವವನಿಗೆ ಅದು ಎಷ್ಟು ಬೇಕು, ಎಷ್ಟರವರೆಗೆ ಕೊಡುತ್ತಾನೆ ಅನ್ನುವುದನ್ನು.

ಈಗ ಲೆಕ್ಕ. ಹೆದರಬೇಡಿ, ಕೂಡುವುದು ಭಾಗಿಸುವುದು ಬಿಟ್ಟರೆ ಬೇರೇನಿಲ್ಲ.

ಪಾಟಿನಲ್ಲಿ 100 ಇದೆ, ನೀವು 50 ಹಾಕಿದಿರಿ ಅನ್ನಿ. ಎದುರಿನವನು 50 ಕೊಟ್ಟರೆ ಒಟ್ಟು 200 ಆಗುತ್ತೆ. 200ರ ರಾಶಿಗೆ ಅವನ ಪಾಲು 50, ಅಂದರೆ ಕಾಲು ಭಾಗ. ನಾಲ್ಕರಲ್ಲಿ ಒಂದು ಸಲ ಗೆದ್ದರೆ ಅವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಜಾಸ್ತಿ ಗೆಲ್ಲುವಂತಿದ್ದರೆ ಕಾಲ್ ಸರಿ, ಕಡಿಮೆಯಿದ್ದರೆ ತಪ್ಪು. ಇದನ್ನೇ ಪಾಟ್ ಆಡ್ಸ್ ಅನ್ನುತ್ತಾರೆ. ಪಾಟಿನ ಮೂರನೇ ಒಂದು ಭಾಗ ಹಾಕಿದರೆ ಅವನಿಗೆ ಶೇ 20 ಗೆಲುವು ಸಾಕು. ಅರ್ಧ ಹಾಕಿದರೆ ಶೇ 25 ಬೇಕು. ಪಾಟ್ ಎಷ್ಟಿದೆಯೋ ಅಷ್ಟೇ ಹಾಕಿದರೆ ಶೇ 33. ಈ ಮೂರು ಅಂಕಿ ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನು ನಿಮ್ಮ ಗೆಳೆಯನ ಕಡೆಯಿಂದ ನೋಡಿ. ಫ್ಲಾಪ್ ಬಂದಾಗ ಅವನ ಕೈಯಲ್ಲಿ ಎರಡು ಆಟೀನ್, ನೆಲದಲ್ಲಿ ಎರಡು. ಕಟ್ಟಿನಲ್ಲಿ ಒಟ್ಟು 13 ಆಟೀನ್, ಉಳಿದದ್ದು 9. ಅವನು ಕಾಣದ ಎಲೆಗಳು 47. ಮುಂದಿನ ಎಲೆಯಲ್ಲಿ ಆಟೀನ್ ಬರುವ ಸಾಧ್ಯತೆ 47ಕ್ಕೆ 9, ಅಂದರೆ ಸುಮಾರು ಶೇ 19. ತಲೆಯಲ್ಲೇ ಮಾಡಬೇಕಾದರೆ ಒಂದು ಸುಲಭ ದಾರಿ ಇದೆ. ಸಹಾಯಕ್ಕೆ ಬರುವ ಎಲೆಗಳನ್ನು ಎಣಿಸಿ ಎರಡರಿಂದ ಗುಣಿಸಿ. 9 ಎರಡಲೆ 18. ಹೆಚ್ಚುಕಡಿಮೆ ಸರಿಹೋಗುತ್ತೆ. ಎರಡೂ ಎಲೆಗಳನ್ನು ನೋಡುವುದು ಖಚಿತವಿದ್ದರೆ ನಾಲ್ಕರಿಂದ ಗುಣಿಸಿ, 36. ನಿಜವಾದ ಅಂಕಿ ಶೇ 35.

100ರ ಪಾಟಿಗೆ ನೀವು ಹಾಕಿದ್ದು 10. ಅವನು 10 ಕೊಟ್ಟರೆ ಸಿಗುವ ರಾಶಿ 120. ಅವನಿಗೆ ಬೇಕಾದ್ದು ಶೇ 8ರ ಮೇಲೆ ಸ್ವಲ್ಪ. ಇರುವುದು ಶೇ 19. ನೀವು ಅವನಿಗೆ ಬೆಲೆಯನ್ನೇ ಹೇಳಲಿಲ್ಲ, ಉಡುಗೊರೆ ಕೊಟ್ಟಿರಿ. ಟರ್ನಿನಲ್ಲೂ ಅದೇ ಕಥೆ. ಪಾಟ್ 130, ನೀವು ಹಾಕಿದ್ದು 20. ಅವನಿಗೆ ಬೇಕಾದ್ದು ಶೇ 12ರಷ್ಟು, ಇರುವುದು ಶೇ 20ರ ಹತ್ತಿರ. ಒಟ್ಟು 30 ಚಿಪ್ಪಿಗೆ ಅವನು ಎರಡು ಸಲ ಅದೃಷ್ಟ ನೋಡಿದ. ಬಂದ ಮೇಲೆ ನಿಮ್ಮಿಂದ ಇನ್ನೂ 150 ತೆಗೆದುಕೊಂಡ. ಅವನು ಆಡಿದ್ದು ಸರಿ. ಅದೃಷ್ಟ ಅವನ ಕಡೆ ಇತ್ತು ಅನ್ನುವುದು ನಿಜ, ಆದರೆ ಅದನ್ನು ಅಗ್ಗದ ಬೆಲೆಗೆ ಮಾರಿದವರು ನೀವು.

ಫ್ಲಾಪಿನಲ್ಲಿ 65 ಅಥವಾ 70 ಹಾಕಿದ್ದರೆ? 65ಕ್ಕೆ ಕಾಲ್ ಮಾಡಲು ಶೇ 28 ಗೆಲುವು ಬೇಕು. ಒಂದು ಎಲೆಗೆ ಅವನ ಹತ್ತಿರ ಅಷ್ಟಿಲ್ಲ. ಫ್ಲಶ್ ಬಂದ ಮೇಲೆ ನಿಮ್ಮಿಂದ ಮತ್ತಷ್ಟು ಸಿಗುತ್ತೆ ಅನ್ನುವ ಲೆಕ್ಕದಲ್ಲಿ ಅವನು ಉಳಿಯಲೂಬಹುದು. ಉಳಿಯಲಿ, ನಿಮಗೂ ಅದೇ ಬೇಕಾದ್ದು. ಹೊಸಬರು ಇಲ್ಲೇ ಎಡವುತ್ತಾರೆ. ಅವನನ್ನು ಓಡಿಸಲು ಬೆಟ್ ಹಾಕಬೇಕು ಅಂದುಕೊಳ್ಳುತ್ತಾರೆ, ಅಥವಾ ಓಡಿಸಬಾರದು ಅಂತ ಹಾಕುವುದೇ ಇಲ್ಲ. ಎರಡೂ ಅಲ್ಲ. ಅವನು ಉಳಿದರೆ ತನ್ನ ಯೋಗ್ಯತೆಗಿಂತ ಜಾಸ್ತಿ ಕೊಟ್ಟು ಉಳಿಯಬೇಕು. ಐದರಲ್ಲಿ ಒಂದು ಸಲ ಆಟೀನ್ ಬಂದು ನೀವು ಸೋಲುತ್ತೀರಿ, ಆಗಲೂ ಬೇಜಾರಾಗುತ್ತೆ. ಉಳಿದ ನಾಲ್ಕು ಸಲ ಅವನು ಕೊಟ್ಟ 65 ನಿಮ್ಮ ಕಡೆ ಬರುತ್ತೆ.

ರಾಜ ಹಿಡಿದವರೂ ಇರುತ್ತಾರೆ ಅನ್ನುವುದನ್ನು ಮರೆಯಬೇಡಿ. ಆ ಫ್ಲಾಪಿನಲ್ಲಿ ರಾಜನ ಜೋಡಿ ಇದ್ದವನು ನಿಮ್ಮ 65ಕ್ಕೆ ಖಂಡಿತ ಕಾಲ್ ಮಾಡುತ್ತಿದ್ದ. ಎಕ್ಕದ ಜೋಡಿಗೆ ದುಡಿದು ಕೊಡುವವನು ಅವನೇ. 10 ಹಾಕಿ ಅವನಿಂದ 10 ಮಾತ್ರ ತೆಗೆದುಕೊಂಡಿರಿ.

ಫ್ಲಾಪಿಗೂ ಮೊದಲಿನ 20ರ ರೈಸ್ ಬಗ್ಗೆ ಒಂದು ಮಾತು. ಎರಡು ಎಕ್ಕ ಸರಾಸರಿ 221 ಕೈಗೆ ಒಂದು ಸಲ ಬರುತ್ತೆ. ಒಬ್ಬನೇ ಎದುರಾಳಿ, ಅವನ ಕೈಯಲ್ಲಿ ಯಾವ ಎಲೆ ಬೇಕಾದರೂ ಇರಲಿ, ಕೊನೆಯವರೆಗೆ ಹೋದರೆ ನೂರಕ್ಕೆ 85 ಸಲ ಎಕ್ಕ ಗೆಲ್ಲುತ್ತೆ. ನಾಲ್ಕು ಜನ ಇದ್ದರೆ ಅದು 56ರ ಹತ್ತಿರಕ್ಕೆ ಇಳಿಯುತ್ತೆ. "ಎಕ್ಕಕ್ಕೆ ನಾಲ್ಕು ಜನ ಬಂದರೆ ನಷ್ಟ" ಅಂತ ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ಐದು ಜನ ಸಮಪಾಲು ಹಾಕಿದ ಪಾಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ನೀವೇ ಗೆಲ್ಲುವುದು ಒಳ್ಳೆ ವ್ಯಾಪಾರವೇ. ತೊಂದರೆ ಬೇರೆ. ನಾಲ್ಕು ಜನರಲ್ಲಿ ಯಾರ ಹತ್ತಿರ ಏನಿದೆ ಅಂತ ಊಹಿಸುವುದು ಕಷ್ಟ. ಮುಂದಿನ ಪ್ರತಿ ಸುತ್ತೂ ಗೋಜಲಾಗುತ್ತೆ. 30ಕ್ಕೆ ರೈಸ್ ಮಾಡಿ, ಬಿಗ್ ಬ್ಲೈಂಡಿನ ಮೂರು ಪಟ್ಟು. ನಿಮಗಿಂತ ಮೊದಲೇ ಯಾರಾದರೂ ಸುಮ್ನೆ 10 ಹಾಕಿ ಒಳಗೆ ಬಂದಿದ್ದರೆ ಅಂಥ ಒಬ್ಬೊಬ್ಬರಿಗೆ ಇನ್ನೊಂದು 10 ಸೇರಿಸಿ. ಎಕ್ಕ ಬಂದಾಗಲೂ ಅಷ್ಟೇ, ಬೇರೆ ಯಾವ ಕೈಗೆ ರೈಸ್ ಮಾಡಿದರೂ ಅಷ್ಟೇ.

ಅಂದ ಹಾಗೆ, ಹಾಗೆ ಸುಮ್ನೆ ಬ್ಲೈಂಡ್ ಕೊಟ್ಟು ಒಳಗೆ ಬರುವುದಕ್ಕೆ ಲಿಂಪ್ ಅನ್ನುತ್ತಾರೆ. ಹಳೇ ಆಟಗಾರರು ಇದು ಕೆಟ್ಟ ಅಭ್ಯಾಸ ಅಂತ ಬಹಳ ಕಾಲದಿಂದ ಹೇಳುತ್ತಿದ್ದರು. 2019ರಲ್ಲಿ ಪ್ಲುರಿಬಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಆರು ಜನರ ಹೋಲ್ಡೆಮಿನಲ್ಲಿ ವೃತ್ತಿಪರ ಆಟಗಾರರನ್ನು ಸೋಲಿಸಿತು. ಅದು ಮನುಷ್ಯರ ಆಟ ನೋಡಿ ಕಲಿತದ್ದಲ್ಲ, ತನ್ನ ಜೊತೆ ತಾನೇ ಆಡಿ ಕಲಿತದ್ದು. ಅದೂ ಕೊನೆಗೆ ಬಂದು ನಿಂತದ್ದು ಇಲ್ಲಿಗೇ: ಸ್ಮಾಲ್ ಬ್ಲೈಂಡಿನಲ್ಲಿ ಕೂತವನನ್ನು ಬಿಟ್ಟರೆ ಬೇರೆ ಯಾರಿಗೂ ಲಿಂಪ್ ಒಳ್ಳೆಯದಲ್ಲ. ಆಡುವುದಾದರೆ ರೈಸ್ ಮಾಡಿ, ಇಲ್ಲವಾದರೆ ಎಸೆಯಿರಿ.

ಈಗ ರಿವರಿನ ಆ 150. "ಇಷ್ಟು ಹಾಕಿದ್ದೀನಲ್ಲ" ಅನ್ನುವುದು ಪೋಕರಿನಲ್ಲಿ ಅತಿ ಹೆಚ್ಚು ಚಿಪ್ ತಿಂದಿರುವ ಮಾತು. ನನ್ನ ಚಿಪ್ಪನ್ನೂ ತಿಂದಿದೆ. ನೀವು ಅಲ್ಲಿಯವರೆಗೆ ಹಾಕಿದ್ದು 50. ಅದು ಪಾಟಿಗೆ ಹೋದ ಕ್ಷಣವೇ ನಿಮ್ಮದಲ್ಲ. ಈಗಿನ ಪ್ರಶ್ನೆ ಒಂದೇ. ಪಾಟ್ 170, ಅವನ 150 ಸೇರಿ 320. ನೀವು 150 ಕೊಟ್ಟರೆ ಒಟ್ಟು 470. 470ಕ್ಕೆ 150, ಸುಮಾರು ಶೇ 32. ಅಂದರೆ ಮೂರರಲ್ಲಿ ಒಂದು ಸಲವಾದರೂ ಇಲ್ಲಿ ನಿಮ್ಮ ಎಕ್ಕ ಗೆಲ್ಲಬೇಕು. ಎರಡು ಸುತ್ತು ಚೆಕ್ ಮಾಡಿ, ಅಂದರೆ ತಾನಾಗಿ ಏನೂ ಹಾಕದೆ, ನೀವು ಹಾಕಿದ್ದಕ್ಕೆ ಕಾಲ್ ಮಾಡುತ್ತಾ ಬಂದವನು. ಮೂರನೇ ಆಟೀನ್ ಬಿದ್ದ ಕೂಡಲೇ ತಾನಾಗೇ ಎದ್ದು ಹೆಚ್ಚುಕಡಿಮೆ ಪಾಟಿನಷ್ಟು ಹಾಕುತ್ತಾನೆ. ಇಂಥವನು ಮೂರರಲ್ಲಿ ಒಂದು ಸಲ ಬ್ಲಫ್ ಮಾಡುತ್ತಿದ್ದಾನಾ? ಹೊಸಬರ ಮೇಜಿನಲ್ಲಿ ನಾನು ಕಂಡ ಮಟ್ಟಿಗೆ, ಇಲ್ಲ. ಎಕ್ಕ ಮುಚ್ಚಿ ಎಸೆಯಬೇಕಿತ್ತು. ಕರುಳು ಕಿತ್ತು ಬರುತ್ತೆ, ನನಗೆ ಗೊತ್ತು. ಎರಡು ಎಕ್ಕ ಅಂದರೂ ರಿವರಿನಲ್ಲಿ ಅದು ಬರೀ ಒಂದು ಜೋಡಿ.

ಬ್ಲಫ್ ವಿಷಯಕ್ಕೆ ಬರೋಣ. "ಪೋಕರ್ ಅಂದರೆ ಬ್ಲಫ್" ಅಂದ ಗೆಳೆಯನ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಬ್ಲಫ್ ಇಲ್ಲವೇ ಇಲ್ಲ ಅಂದರೆ ನಿಮ್ಮ ಒಳ್ಳೆ ಕೈಗೆ ಯಾರೂ ಕೊಡುವುದಿಲ್ಲ. ಆದರೆ ಬ್ಲಫ್ ಧೈರ್ಯದ ಪರೀಕ್ಷೆಯಲ್ಲ. ಅದಕ್ಕೂ ಬೆಲೆ ಇದೆ. 100ರ ಪಾಟಿಗೆ 50 ಬ್ಲಫ್ ಹಾಕಿದರೆ 100 ಗೆಲ್ಲಲು 50 ಪಣ ಇಟ್ಟ ಹಾಗೆ. ಮೂರರಲ್ಲಿ ಒಂದು ಸಲ ಎಲ್ಲರೂ ಫೋಲ್ಡ್ ಆದರೆ ಸರಿಸಮ. ಪಾಟಿನಷ್ಟೇ ಹಾಕಿದರೆ ಎರಡರಲ್ಲಿ ಒಂದು ಸಲ ಆಗಬೇಕು. ಮೂರನೇ ಒಂದು ಭಾಗ ಹಾಕಿದರೆ ನಾಲ್ಕರಲ್ಲಿ ಒಂದು ಸಲ ಸಾಕು.

ಇಲ್ಲಿ ಎದುರಿಗೆ ಎಷ್ಟು ಜನ ಅನ್ನುವುದೇ ಮುಖ್ಯ. ಕೈಯಲ್ಲಿ ಜೋಡಿ ಇಲ್ಲದವನಿಗೆ ಫ್ಲಾಪಿನಲ್ಲಿ ಜೋಡಿಯಾದರೂ ಸಿಗುವುದು ಸುಮಾರು ಮೂರರಲ್ಲಿ ಒಂದು ಸಲ. ಉಳಿದ ಎರಡು ಸಲ ಅವನ ಕೈ ಖಾಲಿ. ಹಾಗಾಗಿ ಒಬ್ಬನೇ ಎದುರಿಗಿದ್ದಾಗ, ಮೊದಲು ರೈಸ್ ಮಾಡಿದ ನೀವು ಫ್ಲಾಪಿನಲ್ಲಿ ಅರ್ಧ ಪಾಟ್ ಹಾಕಿದರೆ ಏನೂ ಇಲ್ಲದಿದ್ದರೂ ಅದು ಒಳ್ಳೆ ಬೆಟ್ಟೇ. ನಾಲ್ಕು ಜನ ಇದ್ದರೆ? ನಾಲ್ವರಿಗೂ ಏನೂ ಸಿಗದಿರುವುದು ಐದರಲ್ಲಿ ಒಂದು ಸಲದ ಹತ್ತಿರ. ಯಾರಾದರೂ ಒಬ್ಬರು ಕಾಲ್ ಮಾಡೇ ಮಾಡುತ್ತಾರೆ ಅಂತ ನೀವು ಬರೆದಿದ್ದೀರಲ್ಲ, ಕಾರಣ ಇಷ್ಟೇ. ನಾಲ್ಕು ಜನರ ಮುಂದೆ, ಅದೂ ಚಿಕ್ಕ ಬೆಟ್ಟಿನಲ್ಲಿ, ಬ್ಲಫ್ ಮಾಡುತ್ತಿದ್ದೀರಿ. ಇಬ್ಬರಿಗಿಂತ ಜಾಸ್ತಿ ಜನ ಎದುರಿಗಿದ್ದರೆ ಬ್ಲಫ್ ಮರೆತುಬಿಡಿ.

ಇನ್ನೊಂದು, ಬರೀ ಖಾಲಿ ಕೈಯಲ್ಲಿ ಬ್ಲಫ್ ಮಾಡುವುದಕ್ಕಿಂತ, ಈಗ ಏನೂ ಇಲ್ಲ ಆದರೆ ಮುಂದೆ ಆಗಬಹುದು ಅನ್ನುವ ಕೈಯಲ್ಲಿ ಮಾಡುವುದು ಎಷ್ಟೋ ಮೇಲು. ಇದಕ್ಕೆ ಸೆಮಿ ಬ್ಲಫ್ ಅನ್ನುತ್ತಾರೆ. ಅವನು ಫೋಲ್ಡ್ ಮಾಡಿದರೂ ಗೆಲುವು, ಕಾಲ್ ಮಾಡಿ ನಿಮ್ಮ ಎಲೆ ಬಂದರೂ ಗೆಲುವು. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದ ಕೊನೆಯಲ್ಲಿ ಕ್ರಿಸ್ ಮನಿಮೇಕರ್, ಸ್ಯಾಮಿ ಫರ್ಹಾ ಇಬ್ಬರೇ ಉಳಿದಿದ್ದರು. ಮನಿಮೇಕರ್ ಅಕೌಂಟೆಂಟ್. ಆನ್‌ಲೈನಿನಲ್ಲಿ 86 ಡಾಲರ್ ಕಟ್ಟಿ ಆಡಿ, 10,000 ಡಾಲರ್ ಪಂದ್ಯಕ್ಕೆ ಸೀಟು ಗೆದ್ದು ಬಂದಿದ್ದ. ಅವನ ಕೈಯಲ್ಲಿ ಇಸ್ಪೀಟ್ ರಾಜ, ಆಟೀನ್ ಏಳು. ರಿವರಿನಲ್ಲಿ ಅವನ ಹತ್ತಿರ ಒಂದು ಜೋಡಿಯೂ ಇರಲಿಲ್ಲ. ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳಿದ. ಒಂಬತ್ತರ ಜೋಡಿ ಹಿಡಿದಿದ್ದ ಫರ್ಹಾ ಬಹಳ ಹೊತ್ತು ಯೋಚಿಸಿ ಎಸೆದ. ಆ ರಾತ್ರಿ ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ.

ಎಲ್ಲರೂ ಈ ರಿವರನ್ನು ನೆನಪಿಟ್ಟುಕೊಂಡಿದ್ದಾರೆ, ಟರ್ನನ್ನು ಮರೆತಿದ್ದಾರೆ. ಟರ್ನಿನಲ್ಲಿ ನೆಲದ ಮೇಲೆ ಇಸ್ಪೀಟ್ ಒಂಬತ್ತು, ಡೈಮಂಡ್ ಎರಡು, ಇಸ್ಪೀಟ್ ಆರು, ಇಸ್ಪೀಟ್ ಎಂಟು. ಅವನ ಏಳಕ್ಕೆ ಆರು, ಎಂಟು, ಒಂಬತ್ತು ಸೇರಿ ಸ್ಟ್ರೈಟಿಗೆ (ಸಾಲಾಗಿ ಬರುವ ಐದು ಎಲೆ) ಒಂದು ಎಲೆ ಸಾಕು. ಅವನ ರಾಜನಿಗೆ ಇನ್ನೊಂದು ಇಸ್ಪೀಟ್ ಬಂದರೆ ಫ್ಲಶ್. ಅವನು ಎಣಿಸಬಹುದಾದ ಎಲೆ 15. ಎರಡರಿಂದ ಗುಣಿಸಿ, ಮೂರರಲ್ಲಿ ಒಂದು ಸಲದ ಹತ್ತಿರ. ಅಲ್ಲೇ ಅವನು ರೈಸ್ ಮಾಡಿದ್ದ. ಹಾಗಾಗಿ ರಿವರಿನ ಆ ದೊಡ್ಡ ಬೆಟ್ಟಿಗೆ ಹಿಂದೊಂದು ಕಥೆ ಇತ್ತು, "ಇವನ ಹತ್ತಿರ ನಿಜವಾಗಲೂ ಏನೋ ಇದೆ" ಅನ್ನಿಸುವ ಕಥೆ. ನಿಮ್ಮ ಬ್ಲಫ್ ಕೂಡ ಹೀಗೆ ಮೊದಲಿಂದ ಕೊನೆಯವರೆಗೆ ಹೊಂದಬೇಕು. ಫ್ಲಾಪ್ ಚೆಕ್, ಟರ್ನ್ ಚೆಕ್, ರಿವರಿನಲ್ಲಿ ಇದ್ದಕ್ಕಿದ್ದ ಹಾಗೆ 20. ಯಾರು ನಂಬುತ್ತಾರೆ ಹೇಳಿ? ನಾನೂ ಕಾಲ್ ಮಾಡುತ್ತೇನೆ.

ಮುಖ ಓದುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾರ್ವೆಯ ಆನೆಟ್ ಒಬ್ರೆಸ್ಟಾಡ್ ಒಮ್ಮೆ ಆನ್‌ಲೈನಿನಲ್ಲಿ 180 ಜನರ ಒಂದು ಪಂದ್ಯವನ್ನು ತನ್ನ ಎಲೆಗಳನ್ನು ಮುಚ್ಚಿಟ್ಟುಕೊಂಡೇ ಆಡಿ ಗೆದ್ದಳು. ಒಂದೇ ಒಂದು ಸಲ ಮಾತ್ರ ನೋಡಿದ್ದಳಂತೆ. ಅಲ್ಲಿ ಯಾರ ಮುಖವೂ ಇಲ್ಲ, ತನ್ನ ಎಲೆಯೂ ಗೊತ್ತಿಲ್ಲ. ಇದ್ದದ್ದು ಯಾರು ಎಲ್ಲಿ ಕೂತಿದ್ದಾರೆ, ಯಾವಾಗ ಎಷ್ಟು ಹಾಕಿದರು ಅನ್ನುವುದು ಮಾತ್ರ. 2007ರಲ್ಲಿ ಲಂಡನ್ನಿನಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಯುರೋಪ್ ಮುಖ್ಯ ಪಂದ್ಯವನ್ನೂ ಅವಳು ಗೆದ್ದಳು, ಆಗ ವಯಸ್ಸು 18. ಎಲೆ ಮುಚ್ಚಿ ಆಡಿ ಅಂತ ನಿಮಗೆ ಹೇಳುತ್ತಿಲ್ಲ. ಕಣ್ಣು ಎಲ್ಲಿರಬೇಕು ಅನ್ನುವುದಕ್ಕೆ ಹೇಳಿದೆ. ಕೊನೆಗೆ ಆಡುವ ಜಾಗದಲ್ಲಿ ಕೂತಿದ್ದರೆ ಬೇರೆಯವರು ಏನು ಮಾಡಿದರು ಅಂತ ನೋಡಿ ಬೆಲೆ ಹೇಳಬಹುದು. ಮೊದಲು ಆಡುವ ಜಾಗದಲ್ಲಿದ್ದರೆ ಕತ್ತಲಲ್ಲಿ ಹೇಳಬೇಕು. ಅದಕ್ಕೇ ಮೊದಲ ಜಾಗಗಳಲ್ಲಿ ಗಟ್ಟಿ ಎಲೆ ಮಾತ್ರ ಆಡಿ, ಕೊನೆಯ ಜಾಗಗಳಲ್ಲಿ ಸ್ವಲ್ಪ ಸಡಿಲ ಬಿಡಿ.

ಡಬಲ್ ಹಾಕುವ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಹಿಂದಿನ ಕೈ ಸೋತಿರಿ ಅಂತ ಎಲೆಗಳಿಗೆ ಗೊತ್ತಿಲ್ಲ. 10ರಿಂದ ಶುರು ಮಾಡಿ ಡಬಲ್ ಮಾಡುತ್ತಾ ಹೋದರೆ ಏಳು ಸೋಲಿಗೆ 1270 ಚಿಪ್ ಹೋಗಿರುತ್ತೆ. ಪೋಕರಿನಲ್ಲಿ ಏಳು ಕೈ ಸಾಲಾಗಿ ಸೋಲುವುದು ಯಾವ ದೊಡ್ಡ ಸುದ್ದಿಯೂ ಅಲ್ಲ. ಜೊತೆಗೆ ಎದುರಿನವನಿಗೆ ಇದು ಬಂಗಾರದಂಥ ಸುಳಿವು. ನೀವು ಸೋತ ಮೇಲೆ ಎಲೆ ನೋಡದೆ ದೊಡ್ಡದು ಹಾಕುತ್ತೀರಿ ಅಂತ ಗೊತ್ತಾದರೆ ಅವನು ಒಳ್ಳೆ ಕೈಗೆ ಸುಮ್ನೆ ಕಾಯುತ್ತಾನೆ.

ಹಾಗಾದರೆ ಏನು ಮಾಡಬೇಕು? ನಿಮ್ಮ ಮುಂದೆ ಕೆಲವು ದಾರಿಗಳಿವೆ, ಯಾವುದೂ ಪುಕ್ಕಟೆ ಅಲ್ಲ.

ನಾನು ಹೊಸಬರಿಗೆ ಮೊದಲು ಹೇಳುವುದು ಒಂದೇ ಅಳತೆ. ಫ್ಲಾಪಿನಿಂದ ಆಚೆ ಬೆಟ್ ಹಾಕುವುದಾದರೆ ಯಾವಾಗಲೂ ಪಾಟಿನ ಮೂರನೇ ಎರಡು ಭಾಗ. ಕೈಯಲ್ಲಿ ಮೂರು ಎಕ್ಕ ಇರಲಿ, ಏನೂ ಇಲ್ಲದಿರಲಿ, ಅಷ್ಟೇ. ನಿಮ್ಮ ಚಿಪ್ ಮಾತಾಡುವುದನ್ನು ನಿಲ್ಲಿಸುತ್ತೆ. ಡ್ರಾ, ಅಂದರೆ ಒಂದು ಎಲೆಗೆ ಕಾಯುತ್ತಿರುವ ಕೈ, ಹಿಡಿದವನಿಗೆ ಸರಿಯಾದ ಬೆಲೆಯೂ ಬೀಳುತ್ತೆ. ಇದರ ಕೊರತೆ ಏನೆಂದರೆ, ಯಾರಿಗೂ ಏನೂ ಆಗದಂಥ ಒಣ ಫ್ಲಾಪಿನಲ್ಲಿ, ಅಂದರೆ ರಾಜ, ಏಳು, ಎರಡು, ಮೂರೂ ಬೇರೆ ಬೇರೆ ಜಾತಿ, ಇಂಥ ಕಡೆ ಇದು ಅಗತ್ಯಕ್ಕಿಂತ ಜಾಸ್ತಿ. ಅಲ್ಲಿ ಮೂರನೇ ಒಂದು ಭಾಗವೇ ಆ ಕೆಲಸ ಮಾಡುತ್ತೆ. ಒಂದೆರಡು ತಿಂಗಳಾದ ಮೇಲೆ ಅಳತೆಯನ್ನು ನೆಲದ ಎಲೆ ನೋಡಿ ಬದಲಿಸಿ. ಒಣ ನೆಲಕ್ಕೆ ಚಿಕ್ಕದು, ಒಂದೇ ಜಾತಿಯ ಅಥವಾ ಒತ್ತೊತ್ತಾಗಿ ಸಾಲು ಬರುವ ಎಲೆಗಳಿಗೆ ದೊಡ್ಡದು. ನೆಲ ಎಲ್ಲರಿಗೂ ಕಾಣುತ್ತೆ, ಅದನ್ನು ನೋಡಿ ಬದಲಿಸಿದರೆ ನಿಮ್ಮ ಗುಟ್ಟು ಹೊರಗೆ ಬರುವುದಿಲ್ಲ.

ಇನ್ನೊಂದು ದಾರಿ ಎದುರಿನವರನ್ನು ನೋಡಿ ಆಡುವುದು. ಹಣವಿಲ್ಲದ ಎಷ್ಟೋ ಆಟಗಳಲ್ಲಿ ಜನ ಎಲೆ ಎಸೆಯುವುದೇ ಇಲ್ಲ, ಎಸೆದರೆ ಆಟದ ಮಜಾ ಹೋಯಿತು ಅಂತ. ಇಂಥ ಮೇಜಿನಲ್ಲಿ ಬ್ಲಫ್ ಪೂರ್ತಿ ಬಿಡಿ, ಒಳ್ಳೆ ಕೈಗೆ ಪಾಟಿನಷ್ಟು ಹಾಕಿ. ಕಾಲ್ ಮಾಡೇ ಮಾಡುತ್ತಾರೆ. ಚಿಪ್ ಲೆಕ್ಕದಲ್ಲಿ ನೋಡಿದರೆ ಇದಕ್ಕಿಂತ ಲಾಭದ ದಾರಿ ಇಲ್ಲ. ಆದರೆ ಇದೇ ಅಭ್ಯಾಸ ಗಟ್ಟಿಯಾಗಿ, ನಾಳೆ ಎಲೆ ಎಸೆಯಲು ಗೊತ್ತಿರುವವರ ಜೊತೆ ಕೂತರೆ ಮತ್ತೆ ಹಳೇ ದೂರು: "ಒಳ್ಳೆ ಎಲೆ ಬಂದರೆ ಎಲ್ಲರೂ ಓಡ್ತಾರೆ."

ಪಾಟಿಗಿಂತ ದೊಡ್ಡ ಬೆಟ್ ಹಾಕುವವರ ಆಟ ನೋಡಿ ಹುರುಪು ಬಂದಿದ್ದರೆ ಸ್ವಲ್ಪ ತಡೆಯಿರಿ. 2017ರಲ್ಲಿ ಲಿಬ್ರಾಟಸ್ ಅನ್ನುವ ಪ್ರೋಗ್ರಾಂ ನಾಲ್ಕು ವೃತ್ತಿಪರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. ಪಾಟಿಗಿಂತ ಎಷ್ಟೋ ದೊಡ್ಡ ಬೆಟ್ ಹಾಕಿ ಅವರ ತಲೆ ಕೆಡಿಸಿತ್ತು. ಆದರೆ ಅದು ಗಟ್ಟಿ ಕೈಯನ್ನೂ ಖಾಲಿ ಕೈಯನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿ ಹಾಕುತ್ತಿತ್ತು. ನಾವು ನೀವು ದೊಡ್ಡದು ಹಾಕಿದಾಗ ಸಾಮಾನ್ಯವಾಗಿ ಒಂದೇ ಬಗೆಯ ಕೈ ಇರುತ್ತೆ, ಅದು ನೋಡುವವರಿಗೆ ಗೊತ್ತಾಗುತ್ತೆ.

ಚೆಕ್ ಕೂಡ ಒಂದು ದಾರಿಯೇ. ಇದನ್ನು ಯಾರೂ ಕಲಿಸುವುದಿಲ್ಲ. ಬೆಟ್ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ನನಗಿಂತ ಕೆಟ್ಟ ಕೈ ಇದಕ್ಕೆ ಕಾಲ್ ಮಾಡುತ್ತಾ? ನನಗಿಂತ ಒಳ್ಳೆ ಕೈ ಇದಕ್ಕೆ ಫೋಲ್ಡ್ ಮಾಡುತ್ತಾ? ರಿವರಿನಲ್ಲಿ ನಿಮ್ಮ ಹತ್ತಿರ ಎಂಟರ ಜೋಡಿ, ನೆಲದಲ್ಲಿ ರಾಜ ಇದೆ ಅನ್ನಿ. ದೊಡ್ಡದಾಗಿ ಹಾಕಿದರೆ ಖಾಲಿ ಕೈಗಳು ಓಡುತ್ತವೆ, ರಾಜ ಹಿಡಿದವನು ಕೂರುತ್ತಾನೆ. ಎರಡೂ ಪ್ರಶ್ನೆಗೆ ಉತ್ತರ "ಇಲ್ಲ" ಅನ್ನುವುದೇ. ಅಂದರೆ ಆ ಬೆಟ್ಟಿನಿಂದ ನಿಮಗೆ ಒಳ್ಳೆಯದಾಗುವ ದಾರಿಯೇ ಇಲ್ಲ. ಚೆಕ್ ಮಾಡಿ, ಎಲೆ ತೋರಿಸಿ. ಹೊಸಬರ ಬೆಟ್‌ಗಳನ್ನು ಕೂತು ನೋಡಿದರೆ ಅರ್ಧಕ್ಕರ್ಧ ಇಂಥವೇ. "ನನ್ನ ಹತ್ತಿರ ಏನೋ ಇದೆ, ಹಾಕೋಣ" ಅಂತ ಹಾಕಿದವು.

ದುಡ್ಡು ಕಟ್ಟಿ ಆಡುವ ಯೋಚನೆ ಇದ್ದರೆ ಇದೊಂದು ಗೊತ್ತಿರಲಿ. ಮೇಲಿನದ್ದನ್ನೆಲ್ಲ ಸರಿಯಾಗಿ ಮಾಡಿದರೂ ವಾರಗಟ್ಟಲೆ ಸೋಲಬಹುದು. ಐದರಲ್ಲಿ ಒಂದು ಸಲ ಬರುವ ಆಟೀನ್ ಸಾಲಾಗಿ ಮೂರು ಸಲವೂ ಬರುತ್ತೆ. ಆಟ ನಡೆಸುವವರು ಪಾಟಿನಲ್ಲಿ ತಮ್ಮ ಪಾಲು ತೆಗೆಯುವ ಕಡೆ ನೀವು ಗೆಳೆಯರಿಗಿಂತ ಸ್ವಲ್ಪ ಚೆನ್ನಾಗಿ ಆಡಿದರೆ ಸಾಲದು, ಆ ಪಾಲನ್ನೂ ಮೀರಿ ಚೆನ್ನಾಗಿ ಆಡಬೇಕು. ಹೆಚ್ಚಿನವರಿಗೆ ಅದು ಆಗುವುದಿಲ್ಲ. ಸೋತದ್ದನ್ನು ಇವತ್ತೇ ವಾಪಸ್ ತರಬೇಕು ಅಂತ ಕೂತಿದ್ದೀರಿ ಅನ್ನಿಸಿದ ದಿನ ಎದ್ದುಬಿಡಿ. ಏಳಲು ಆಗುತ್ತಿಲ್ಲ ಅನ್ನಿಸಿದರೆ ಆಪ್ತರಿಗೋ ವೈದ್ಯರಿಗೋ ಹೇಳಿ, ನಾಚಿಕೆ ಬೇಡ. ನನ್ನ ಹತ್ತಿರ ಕಲಿತವರಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಒಬ್ಬರು ಇದೇ ಕಾರಣಕ್ಕೆ ಆಟ ಬಿಡಬೇಕಾಯಿತು.

ಉಳಿದದ್ದು ಕೈ ನಡುಗುವ ವಿಷಯ. ಅದು ಹೆದರಿಕೆಯಲ್ಲ, ಒಳ್ಳೆ ಎಲೆ ಬಂದ ಉಮೇದು. ಅನುಭವ ಇರುವವರಿಗೆ ಇದು ಗೊತ್ತು. ನಡುಗುವ ಕೈ ಕಂಡರೆ ಸಾಮಾನ್ಯವಾಗಿ ಎಲೆ ಎಸೆಯುತ್ತಾರೆ. ನಿಲ್ಲಿಸಲು ಹೋಗಬೇಡಿ, ಜಾಸ್ತಿಯಾಗುತ್ತೆ. ಬೆಟ್ಟಿನ ಅಳತೆಯನ್ನು ಮೊದಲು ಮನಸ್ಸಿನಲ್ಲಿ ಲೆಕ್ಕ ಮಾಡಿ. ಕೈ ಚಿಪ್ ಮುಟ್ಟುವ ಮೊದಲೇ ಬಾಯಲ್ಲಿ ಹೇಳಿ: "ಬೆಟ್, 65." ಆಮೇಲೆ ಒಂದೇ ಸಲಕ್ಕೆ ಮುಂದಕ್ಕೆ ತಳ್ಳಿ. ಬಾಯಲ್ಲಿ ಹೇಳದೆ ಎರಡು ಕಂತಿನಲ್ಲಿ ತಳ್ಳಿದರೆ ಅದನ್ನು ಸ್ಟ್ರಿಂಗ್ ಬೆಟ್ ಅಂತ ಕರೆದು, ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಖಾಲಿ ಕೈಯಲ್ಲೂ ಹೀಗೇ ಮಾಡಿ, ಅದೇ ದನಿ, ಅದೇ ವೇಗ. ತಳ್ಳಿದ ಮೇಲೆ ಎರಡೂ ಕೈ ಮೇಜಿನ ಅಂಚಿನ ಮೇಲೆ ಊರಿ ಇಟ್ಟುಕೊಳ್ಳಿ. ಊರಿದ ಕೈ ಅಷ್ಟಾಗಿ ನಡುಗುವುದಿಲ್ಲ.